ಮಾವನ ದವಡೆ ಹಲ್ಲು, ನನ್ನ ಮದುವೆ

ಹಲ್ಲಿನ ಡಾಕ್ಟರನ್ನ ನಗೆಪಾಟಲು ತಾನಾಗೇ ಹುಡುಕಿಕೊಂಡು ಬರುತ್ತೆ; ನನ್ನಂಥ ಬುದ್ಧಿವಂತನಾದರೆ ಬಸ್ ಹತ್ತಿಕೊಂಡು ಬರುತ್ತೆ. ಎಂಬತ್ತರ ದಶಕದ ಶುರುವಿನಲ್ಲಿ ಹೆಬ್ಬೂರು ಕಡೆಯ ಹಳ್ಳಿಯಿಂದ ಬಂದು ತುಮಕೂರಲ್ಲಿ ಕ್ಲಿನಿಕ್ ತೆರೆದವನು ನಾನು. ನಮ್ಮೂರಿಗೆ ನಾನೇ ಮೊದಲ ಡಾಕ್ಟರು. ಇದನ್ನ ಯಾರಿಗೂ ಮರೆಯೋಕೆ ಬಿಟ್ಟಿಲ್ಲ.

೧. ಷರತ್ತು

ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯ ಮಗಳನ್ನ ನೋಡಲು ಹೋಗಿದ್ದೆ. ನೋಡಿದ ತಕ್ಷಣ ಬಿದ್ದೇಹೋದೆ. ಅವರಪ್ಪ ಮಾತ್ರ ಕೆನ್ನೆ ಹಿಡಿದುಕೊಂಡು, "ಮೊದ್ಲು ನನ್ ದವಡೆ ಹಲ್ಲು ವಾಸಿ ಮಾಡಿ. ನೋವು ಹೋದ್ರೆ ಮಾತುಕತೆ. ಇಲ್ದಿದ್ರೆ ಕುಣಿಗಲ್ಲಲ್ಲಿ ಒಬ್ರು ಮೇಷ್ಟ್ರು ಗಂಡು ಅವ್ರೆ" ಅಂದರು.

"ರೂಟ್ ಕೆನಾಲ್ ಮಾಡ್ತೀನಿ. ಸೂಜಿಯಂಥ ಫೈಲಲ್ಲಿ ಬೇರಿನ ಒಳಗೆ ಉಜ್ಜಿ, ಪೇಸ್ಟ್ ಹಾಕಿ ಮುಚ್ತೀನಿ. ನನ್ ಕೈಲಿ ಮಾಡಿಸ್ಕೊಂಡೋರು ಮಾರನೇ ದಿನ ಕಡಲೆ ಕಡೀತಾರೆ!"

"ಕಡಲೆ ಬುಡಿ, ಕೊಬ್ಬರಿ ಕಡೀಬೇಕು."

ಕ್ಲಿನಿಕ್ಕಿನಲ್ಲಿ ಎಲ್ಲ ಮುಗಿಸಿ, ಕನ್ನಡಿಯ ಹಿಡಿಯಿಂದ ಹಲ್ಲನ್ನ ಟಕ್ ಟಕ್ ಅಂತ ತಟ್ಟಿ, "ನೋವಿದ್ಯಾ?" ಅಂದೆ. "ಚೂರೂ ಇಲ್ಲ" ಅಂದರು. ಎದೆಯುಬ್ಬಿಸಿದೆ. ಇಂಜೆಕ್ಷನ್ನಿನ ಜೋಮು ಇನ್ನೂ ಇಳಿದಿರಲಿಲ್ಲ. ಆಗ ಸುತ್ತಿಗೇಲಿ ಹೊಡೆದಿದ್ದರೂ ಇಲ್ಲ ಅಂತಲೇ ಅನ್ನುತ್ತಿದ್ದರು.

೨. ಫೈಲಿನ ತಪ್ಪು

ವಾರ ಬಿಟ್ಟು ಅಪ್ಪ-ಮಗಳು ಬಂದರು. "ನೋಯ್ತದೆ ಕಣ್ರೀ."

ಎರಡು ಮೂರು ದಿನ ನೋಯೋದು ಮಾಮೂಲು, ವಾರ ಜಾಸ್ತಿಯಾಯ್ತು. ಫೈಲು ಬೇರಿನ ತುದಿ ದಾಟಿ ಚುಚ್ಚಿದರೆ ಹಾಗಾಗುತ್ತೆ. ಎಕ್ಸ್‌ರೇ ತೆಗೆದೆ, ಎಲ್ಲ ಸರಿಯಾಗಿತ್ತು. ಆದರೂ ನನ್ನ ಮರ್ಯಾದೆ ಉಳೀಬೇಕಲ್ಲ? "ಈ ಕಂಪನಿ ಫೈಲೇ ಸರಿಯಿಲ್ಲ" ಅಂದೆ.

ಹುಡುಗಿ ಮೆಲ್ಲಗೆ ಕೇಳಿದಳು: "ಅದು ತಾನೇ ಎದ್ದು ಬಾಯೊಳಕ್ಕೆ ಹೋಯ್ತಾ?"

೩. ಪೇಸ್ಟಿನ ತಪ್ಪು

ಮತ್ತೊಂದು ವಾರ, ಮತ್ತದೇ ಕೆನ್ನೆ. ಈ ಸಲ ತಪ್ಪನ್ನ ಪೇಸ್ಟಿನ ಮೇಲೆ ಹಾಕಿದೆ. ಅದು ಸತುವಿನ ಪುಡಿಗೆ ಲವಂಗದೆಣ್ಣೆ ಕಲಸಿದ್ದು. ಬೇರಿನಾಚೆ ಸೋರಿದರೆ ಉರಿಯುತ್ತೆ. ಎಕ್ಸ್‌ರೇಲಿ ಒಂದು ಹನಿಯೂ ಸೋರಿರಲಿಲ್ಲ.

ಅವರಿಗೆ ರೇಗಿತ್ತು. "ನಿಮ್ ಪೇಸ್ಟ್ ಹಾಕಿದ್ ದಿನ ಬಾಯಿ ಬಿಟ್ರೆ ಪಲಾವ್ ವಾಸ್ನೆ. ಮನೆಗೆ ಬಂದ ನೆಂಟ್ರು ಎಲೆ ಹಾಕ್ರಿ ಅಂತ ಕೂತೇಬುಟ್ರು! ಬರೋ ಸೋಮವಾರ ಕುಣಿಗಲ್ನೋರು ಬತ್ತಾವ್ರೆ, ನೋಡ್ಕಳಿ."

೪. ಹನ್ನೊಂದು ಕೈ

ಭಾನುವಾರ ಗುಬ್ಬಿಗೆ ಓಡಿದೆ. ಪಡಸಾಲೆಯಲ್ಲಿ ಅವರು ಬಾಯಿ ಆ ಅಂತ ತೆರೆದು ಕೂತಿದ್ದಾರೆ. ಮುಂದೆ ಕ್ಯೂ! ಅವರ ಹೆಂಡತಿ ಚಮಚದ ಹಿಡಿಯಿಂದ ಹಲ್ಲನ್ನ ಟಕ್ ಟಕ್ ಅಂತ ತಟ್ಟಿ, ಕಿವಿಗೊಟ್ಟು, ಚಮಚವನ್ನ ತಮ್ಮನಿಗೆ ದಾಟಿಸಿದರು. ಅವನು ಪಕ್ಕದ ಮನೆಯವನಿಗೆ.

"ಏನ್ರೀ ಇದು!" ಅಂತ ಕಿರುಚಿದೆ.

ಹುಡುಗಿಯ ಅಪ್ಪ ಅಂದರು: "ನೀವೇ ತಾನೆ ತಟ್ಟಿ ನೋಡಿದ್ದು? ನಾವು ಮೂರು ತಲೆಮಾರಿಂದ ಕಾಯಿ ತಟ್ಟೋರು ಸ್ವಾಮಿ. ದಿನಾ ಮನೆಯೋರೆಲ್ಲ ಪರೀಕ್ಷೆ ಮಾಡ್ತೀವಿ. ಇವತ್ತು ಹನ್ನೊಂದು ಜನ ತಟ್ಟಾಯ್ತು. ಒಬ್ರೂ ವಾಸಿಯಾಗೈತೆ ಅನ್ನಲಿಲ್ಲ!"

ದಿನಾ ಹೀಗೆ ಕುಟ್ಟಿದರೆ ಗೋಡೆಯೂ ನೋಯುತ್ತೆ. ಕೈಮುಗಿದು, "ಐದು ದಿನ ಯಾರೂ ತಟ್ಟಬೇಡಿ, ಕುಣಿಗಲ್ನೋರನ್ನೂ ಐದು ದಿನ ತಡೀರಿ" ಅಂದೆ. ಆರನೇ ದಿನ ಮಾವ ಕೊಬ್ಬರಿ ಕಡಿದರು. ಮದುವೆ ಆಯಿತು.

ಮೊನ್ನೆ ಅತ್ತೆ ಬಾಯಿಬಿಟ್ಟರು: ಎಲ್ಲರಿಗಿಂತ ಜೋರಾಗಿ, ದಿನಕ್ಕೆ ನಾಲ್ಕು ಸಲ ತಟ್ಟುತ್ತಿದ್ದವಳು ಅವರ ಮಗಳೇ ಅಂತೆ! ನಾನು ಮೀಸೆ ತಿರುವಿಕೊಂಡು ಒಳಗೆ ಹೋದೆ.

"ಏನಮ್ಮಾ, ಅಪ್ಪನ ನೋವು ಹೋಗಿಬಿಟ್ರೆ ಕ್ಲಿನಿಕ್ಕಿಗೆ ಬಂದು ನನ್ನ ಮುಖ ನೋಡೋಕಾಗಲ್ಲ ಅಂತ ತಾನೆ ಅಷ್ಟು ಜೋರಾಗಿ ತಟ್ಟಿದ್ದು?"

ಹೆಂಡತಿ ಪಾತ್ರೆ ಉಜ್ಜುತ್ತಲೇ ಅಂದಳು: "ಕುಣಿಗಲ್ ಮೇಷ್ಟ್ರ ಸಂಬಂಧನೇ ಗಟ್ಟಿಯಾಗ್ಲಿ ಅಂತ ಕಣ್ರೀ."