ಮೇಲ್ ಕಳಿಸಿದ್ದೇನೆ, ನೋಡು

ಮದುವೆಯಾದ ಮೇಲೆ ಹೆಂಡತಿ ಬೃಂದಾಳ ಮುಂದೆ ನಾನು ತಪ್ಪೊಪ್ಪಿಕೊಂಡದ್ದು ಎರಡೇ ಸಲ. ಎರಡನೆಯದು ಮೊನ್ನೆ: ಗೆಳೆಯ ಸದಾನಂದ ನನಗೆ ಕಳಿಸಿದ ಆರುನೂರ ಹದಿನಾಲ್ಕು ಇ-ಮೇಲ್‌ಗಳಲ್ಲಿ ನಾನು ಒಂದನ್ನೂ ತೆರೆದಿರಲಿಲ್ಲ. (ಮೊದಲನೆಯದನ್ನು ಅವಳೇ ಊರಿಗೆಲ್ಲ ಹೇಳಿದ್ದಾಳೆ.)

ಸದಾನಂದನದು ಮದ್ರಾಸಿನ ವಡಪಳನಿಯಲ್ಲಿ ಹೋಟೆಲು. ತೊಂಬತ್ತೆಂಟರಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕಂಪ್ಯೂಟರಿನ ಪ್ರತಿಷ್ಠಾಪನೆಯಾಯಿತು. ಕುಂಕುಮ ಹಚ್ಚಿ, ಇಡ್ಲಿಯ ಮೊದಲ ಒಬ್ಬೆ ನೈವೇದ್ಯ ಮಾಡಿದ. ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ಅದು ಕೀಂ, ಕರ್ರ್ ಎಂದು ಒಳಗೆ ಬಂದರೆ ಫೋನ್ ಸತ್ತಂತೆ. ಪಾರ್ಸೆಲ್ ಹೇಳಲು ಫೋನ್ ಮಾಡಿದವರು ಸೋತು ಎದುರು ಹೋಟೆಲಿಗೆ ಹೋದರು. ಸದಾನಂದ ಮಾತ್ರ ನನಗೆ ಮೇಲ್ ಕಳಿಸಿ, ಸಂಪರ್ಕ ಕಡಿದು, ಕೂಡಲೇ ಫೋನ್ ಮಾಡುತ್ತಿದ್ದ.

“ಮೇಲ್ ಕಳಿಸಿದ್ದೇನೆ ಮಾರಾಯ, ನೋಡು.”

“ಏನು ಬರೆದಿದ್ದೀಯೋ?”

ಅರ್ಧ ಗಂಟೆ ಹೇಳುತ್ತಿದ್ದ. ಎಲ್ಲ ಕೇಳಿಸಿಕೊಂಡ ಮೇಲೆ, ಅದನ್ನೇ ಓದಲು ಬ್ರೌಸಿಂಗ್ ಸೆಂಟರಿನ ತನಕ ಬಿಸಿಲಲ್ಲಿ ನಡೆಯುವವರು ಯಾರು? “ಓದಿದೆ ಕಣೋ, ಚೆನ್ನಾಗಿತ್ತು” ಎಂದು ಮರುದಿನ ಬಿಡುತ್ತಿದ್ದೆ. ಬ್ರಾಡ್‌ಬ್ಯಾಂಡ್ ಬಂತು, ವಾಟ್ಸಾಪ್ ಬಂತು, ಅವನ ಪದ್ಧತಿ ಬದಲಾಗಲಿಲ್ಲ. “ಮೇಲ್ ಕಳಿಸಿ ಫೋನ್ ಮಾಡೋನು ಇಡೀ ಮದ್ರಾಸಿನಲ್ಲಿ ನೀನೊಬ್ಬನೇ” ಎಂದು ಇಪ್ಪತ್ತೇಳು ವರ್ಷ ಗೇಲಿ ಮಾಡಿದೆ.

ಹೋದ ತಿಂಗಳು ಸದಾನಂದ ತೀರಿಕೊಂಡ. ಫೋನ್ ನಿಂತಿತು.

“ಈಗಲಾದ್ರೂ ಓದ್ರೀ, ಪುಣ್ಯಾತ್ಮರೇ” ಎಂದಳು ಬೃಂದಾ.

ಕೊನೆಯ ಮೇಲ್ ತೆರೆದೆ.

“ನೀನು ಇದನ್ನೂ ಓದುವುದಿಲ್ಲ, ನನಗೆ ಗೊತ್ತುಂಟು. ಮೊದಲನೇ ಮೇಲನ್ನು ಗಡಿಬಿಡಿಯಲ್ಲಿ ಏನೂ ಬರೆಯದೆಯೇ ಕಳಿಸಿದ್ದೆ. ಮರುದಿನ ನೀನು ಚೆನ್ನಾಗಿತ್ತು ಅಂದಿ. ಓದಬೇಡ ಮಾರಾಯ. ಓದಿದರೆ ನಾನು ಫೋನ್ ಮಾಡಲಿಕ್ಕೆ ನೆಪ ಏನುಂಟು?”

ಬೃಂದಾ ನಕ್ಕಳು; ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ನಾನು ಕುಳಿತು ಉದ್ದಕ್ಕೆ ಉತ್ತರ ಬರೆದೆ. ಕಳಿಸಿದೆ. ಕಳಿಸಿದ ಕೈಯೇ ಫೋನೆತ್ತಿ ಅವನ ನಂಬರ್ ಒತ್ತಿತು.

ಆ ಕಡೆ ಎತ್ತಿದ್ದು ಅವನ ಹೆಂಡತಿ ರತ್ನಾವತಿ. “ಏನಣ್ಣ?”

ಅವನ ಮಾತೇ ಬಾಯಿಗೆ ಬಂತು. “ಮೇಲ್ ಕಳಿಸಿದ್ದೀನಮ್ಮ...”

ಆ ಕಡೆ ಕುರ್ಚಿ ಎಳೆದದ್ದು ಕೇಳಿಸಿತು.

“ಅದನ್ನೆಲ್ಲ ನಾನೂ ಓದುವುದಿಲ್ಲ ಅಣ್ಣ. ಏನು ಬರೆದಿದ್ದೀರಿ, ಹೇಳಿ.”