ಕತ್ತರಿ ಹಾಕಿ ಹಂಚಿದ ಕಾದಂಬರಿ

ಜನವರಿ ತಿಂಗಳ ಎರಡನೆಯ ರವಿವಾರ, ಮಧ್ಯಾಹ್ನ ನಾಲ್ಕು ಗಂಟೆ. ಸ್ಥಳ, ಬನಹಟ್ಟಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು, ನಮ್ಮ ಓದುಗರ ಬಳಗದ ಐದೂ ಸದಸ್ಯರು. ಸದಸ್ಯರಲ್ಲದಿದ್ದರೂ ಚಹಾದ ಆಸೆಗೆ ಹಾಜರಿದ್ದವರು, ನನ್ನ ಯಜಮಾನರು. ತಡವಾಗಿ ಬಂದವರು, ಯಾರೂ ಇಲ್ಲ.

ಬಳಗದ ಕಾರ್ಯದರ್ಶಿಯಾಗಿ ವಹಿಯಲ್ಲಿ ಇಷ್ಟು ಬರೆದು ಲೇಖನಿ ಕೆಳಗಿಟ್ಟೆ. ನಾಡಿ ಹಿಡಿದು ನೋಡಿಕೊಂಡೆ. ನೂರಾ ನಾಲ್ಕು. ಮೂವತ್ತೆರಡು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ನಾನು. ಹೆರಿಗೆ, ಹಾವಿನ ಕಡಿತ, ಮೇಲಧಿಕಾರಿಗಳ ತಪಾಸಣೆ, ಯಾವುದಕ್ಕೂ ಎಂಬತ್ತು ದಾಟದ ನಾಡಿ ಒಂದು ಕಾದಂಬರಿಗೆ ನೂರು ದಾಟಿತ್ತು.

ಹದಿನೈದು ದಿನದ ಹಿಂದೆ ಇದೇ ಪಡಸಾಲೆಯಲ್ಲಿ ನನ್ನಷ್ಟು ಆತ್ಮವಿಶ್ವಾಸದ ಹೆಂಗಸು ಇಡೀ ತಾಲೂಕಿನಲ್ಲಿ ಇರಲಿಲ್ಲ. ನಾವು ಜಮಖಂಡಿಯಿಂದ ಒಂದು ದಪ್ಪ ಕಾದಂಬರಿ ತರಿಸಿದ್ದೆವು. ಒಂದು ಕೂಡು ಕುಟುಂಬದ ಕಥೆ, ಬಹಳ ಕರಾಳವಾದದ್ದು, ಓದಿದವರು ಎರಡು ದಿನ ಊಟ ಬಿಡುತ್ತಾರೆ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಸಿಕ್ಕಿದ್ದು ಒಂದೇ ಪ್ರತಿ. ಆರುನೂರು ಪುಟ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡುತ್ತ ಹೋದರೆ ವರ್ಷ ಹಿಡಿಯುತ್ತದೆ. ಪರಿವಿಡಿ ತೆಗೆದು ನೋಡಿದೆ. ಐದು ಭಾಗಗಳು. ನಾವು ಐದು ಜನ. ಭಾಗಕ್ಕೊಬ್ಬ ಓದುಗ. ಬರೆದವರೇ ನಮ್ಮ ಬಳಗದ ಹಾಜರಿ ನೋಡಿ ಬರೆದಂತಿತ್ತು.

ಗುಳಿಗೆಯ ಹಾಳೆಯನ್ನು ಕತ್ತರಿಸಿ ಇವರಿಗೆ ಎರಡು, ಅವರಿಗೆ ನಾಲ್ಕು ಎಂದು ಹಂಚಿದ ಕೈ ಇದು. ಅಂದೇ ಪುಸ್ತಕದ ಬೆನ್ನಿನ ಅಂಟು ಬಿಡಿಸಿ, ಹೊಲಿಗೆಗೆ ಕತ್ತರಿ ಹಾಕಿ, ಐದು ಭಾಗ ಮಾಡಿ, ಒಂದೊಂದಕ್ಕೂ ಕಂದು ಕಾಗದದ ಹೊದಿಕೆ ಹಾಕಿ, ಕೆಂಪು ಶಾಯಿಯಲ್ಲಿ ಸಂಖ್ಯೆ ಬರೆದೆ.

ನನ್ನ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಬಾಗಿಲಲ್ಲಿ ನಿಂತು ನೋಡಿದರು. "ಮೂವತ್ತ ವರ್ಷ ನಾ ಟಿಕೀಟ ಹರದೇನಿ. ಪುಸ್ತಕಾ ಹರಿಯಾಕಿನ್ನ ಇವತ್ತ ನೋಡಾಕತ್ತೇನಿ."

"ಹರಿಯೂದಲ್ಲರಿ ಇದು, ವಿಭಾಗ," ಎಂದೆ.

"ಕೂಡಿದ ಮನಿತನದ ಕಥಿ ಅಂತಿ. ಮೊದಲ ದಿನಾನ ವಿಭಾಗ ಮಾಡಿದ್ಯಲ್ಲ, ಭಾಳ ಛಲೋ ಆತು."

ಕಂಡಕ್ಟರರ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಒಂದನೆಯ ಭಾಗ ಬಸವಂತ ಮಾಸ್ತರರಿಗೆ ಕೊಟ್ಟೆ. ಅವರು ಮಹಾಲಿಂಗಪುರದಿಂದ ಬಸ್ಸು ಹಿಡಿದು ಬರುವ ನಿವೃತ್ತ ಶಿಕ್ಷಕರು. ಎರಡನೆಯದು ಪಕ್ಕದ ಮನೆಯ ಈರಪ್ಪನಿಗೆ, ಮೂರನೆಯದು ಅವನ ಅತ್ತಿಗೆ ಕಾಶವ್ವನಿಗೆ, ನಾಲ್ಕನೆಯದು ಅವಳ ಗಂಡ, ಅಂದರೆ ಈರಪ್ಪನ ಅಣ್ಣ ಶಿವಪ್ಪನಿಗೆ. ಐದನೆಯದು ನನಗೆ. ಶಿವಪ್ಪ ಮತ್ತು ಈರಪ್ಪನದು ಎಂಟು ಮಗ್ಗ, ಎರಡು ಸಂಸಾರ, ಒಂದೇ ಒಲೆ. ಇಷ್ಟು ವರ್ಷದಲ್ಲಿ ಅವರ ಮನೆಯಿಂದ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಗದ್ದಲ ನಾನು ಕೇಳಿಲ್ಲ.

ನಿಯಮಗಳು ಎರಡೇ. ಹದಿನೈದು ದಿನಕ್ಕೊಮ್ಮೆ ಭಾಗಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಎಲ್ಲರೂ ಎಲ್ಲ ಭಾಗ ಮುಗಿಸುವವರೆಗೆ ಯಾರೂ ಯಾರಿಗೂ ಕಥೆ ಹೇಳಕೂಡದು. ಒಂದು ಮಂಚದ ರೋಗ ಇನ್ನೊಂದು ಮಂಚಕ್ಕೆ ತಿಳಿಯಬಾರದು, ಇದು ವಾರ್ಡಿನ ಶಿಸ್ತು.

ಮೊದಲ ಎಂಟೊಂಬತ್ತು ದಿನ ಎಲ್ಲವೂ ಶಾಂತ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಈರಪ್ಪ ಬಂದ. ಮುಖ ಬಾಡಿತ್ತು.

"ಅಕ್ಕಾರ, ಮನಿ ಯಾರ ಹೆಸರಿಲೆ ಐತಿ ಅನ್ನೂದು ಹೆಂಗ ತಿಳಕೊಳ್ಳೂದ್ರಿ?"

ಯಾಕೆ ಎಂದು ಕೇಳಬೇಕಿತ್ತು. ನನಗೆ ಕಾಗದ ಪತ್ರ ಎಂದರೆ ಸಾಕು, ಯಾಕೆ ಎನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. "ಉತಾರ ತಗಸು, ಆಸ್ತಿ ಯಾರ ಹೆಸರಿಲೆ ಐತಿ ಅಂತ ಅದರಾಗ ಇರತೈತಿ. ಮನ್ಯಾಗ ಒಬ್ಬೊಬ್ಬರ ಹಂತ್ಯಾಕ ಒಂದೊಂದು ಝೆರಾಕ್ಸ್ ಇರಬೇಕಪಾ. ಮೊದಲ ಅಣ್ಣನ್ನ ಕೇಳು, ಕಾಗದ ಎಲ್ಲಿಟ್ಟಿ ಅಂತ."

"ಕೇಳಿದ್ರ ಏನ ತಿಳಕೊಂತಾನೋ."

"ಕಾಗದ ಕೇಳಾಕ ಎಂಥಾ ಹೆದರಿಕಿ? ಇವತ್ತ ಕೇಳು."

ಅವನು ಅಂದೇ ಕೇಳಿದ. ನನ್ನ ಮಾತನ್ನು ಜನ ಕೇಳುತ್ತಾರೆ, ಅದೇ ನನ್ನ ದುರದೃಷ್ಟ.

ಶುಕ್ರವಾರ ಕಾಶವ್ವ ಬಂದಳು. "ಇವ್ರಿಗಿ ಏನಾಗೇತಿ ತಿಳೀವಲ್ತು ಅಕ್ಕಾರ. ನಮ್ಮ ಮೈದುನ ದಿನಾ ಸಂಜಿಕ ತರೂ ಹಾಲು ಕುಡ್ಯಾಕ ಒಲ್ಲೆ ಅಂತಾರ. ಮೊದಲ ಬೆಕ್ಕಿಗಿ ಹಾಕತಾರ. ಅದರ ಮುಂದ ಅರ್ಧಾ ತಾಸು ಕುಂತ ನೋಡತಾರ. ಬೆಕ್ಕು ಆರಾಮ ಐತಿ, ಇವ್ರ ಸೊರಗ್ಯಾರ."

ನಾನು ಕ್ಷಣಾರ್ಧದಲ್ಲಿ ರೋಗ ಕಂಡುಹಿಡಿದೆ. ಅಜೀರ್ಣ. ಅಜವಾನ ಪುಡಿ ಮಾಡಿ ಪೊಟ್ಟಣ ಕಟ್ಟಿದೆ. ಔಷಧ ಎಂದರೆ ಶಿವಪ್ಪ ಮೂಗು ಮುರಿಯುತ್ತಾನೆ, ಅದೂ ನನಗೆ ಗೊತ್ತು. ಆದ್ದರಿಂದ ಪೊಟ್ಟಣವನ್ನು ಈರಪ್ಪನ ಕೈಗೆ ಕೊಟ್ಟು, "ಅಣ್ಣಗ ಹೇಳಬ್ಯಾಡ, ಸುಮ್ಮನ ಹಾಲಿನ್ಯಾಗ ಕಲಸಿ ಕೊಡು," ಎಂದೆ.

ಅವನು ಕಲಸಿದ. ಶಿವಪ್ಪ ಬಾಗಿಲ ಸಂದಿಯಿಂದ ನೋಡಿದ.

ಶನಿವಾರ ಬೆಳಿಗ್ಗೆ ಅವರ ಮನೆಯ ಮುಂದೆ ಟೆಂಪೊ ನಿಂತು ಇಟ್ಟಂಗಿ ಇಳಿಸಿತು. ಸೋಮವಾರ ಏಳಕ್ಕೆ ಗೌಂಡಿ ಬರುತ್ತಾನಂತೆ. ನಡುಮನೆಗೆ ಅಡ್ಡ ಗೋಡೆ.

"ಎರಡ ಒಲಿ ಮಾಡತಾರಂತ," ಎಂದು ಕಾಶವ್ವ ನಮ್ಮ ಅಡುಗೆಮನೆಯಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿನ್ನಿಯಿಂದ ಅಣ್ಣಾ ತಮ್ಮಾ ಒಂದ ಮಾತ ಆಡಿಲ್ಲ. ನಾ ಈ ಮನಿಗಿ ಬಂದಾಗ ಈರಪ್ಪ ಇನ್ನಾ ಚಡ್ಡಿ ಹಾಕತಿದ್ದ. ನಾನ ಉಣಿಸಿ ಸಾಲಿಗಿ ಕಳಿಸೇನಿ. ಅವನ ತಾಟ ಹೆಂಗ ಬ್ಯಾರೆ ಇಡ್ಲಿ?"

"ಕಾರಣ ಏನವಾ?"

"ಅದನ್ನ ಹೇಳಾಕ ನಿಮ್ಮ ರೂಲ ಬಿಡವಲ್ತಲ್ರಿ."

ಹೇಳಿ ಎದ್ದು ಹೋದಳು. ನನ್ನ ರೂಲು! ಆಗ ಕಂದು ಹೊದಿಕೆಯ ಐದು ಭಾಗಗಳು ನೆನಪಾದವು. ಪುಸ್ತಕ ಓದಿ ಮನೆ ಒಡೆಯುತ್ತದೆಯೇ ಎಂದು ಕೇಳಬೇಡಿ. ನಾನೂ ಅದನ್ನೇ ಕೇಳಿಕೊಳ್ಳುತ್ತ, ರವಿವಾರದ ನಾಲ್ಕು ಗಂಟೆಯವರೆಗೆ ಹನ್ನೊಂದು ಸಲ ನಾಡಿ ನೋಡಿಕೊಂಡೆ.

ಸಭೆಯಲ್ಲಿ ಅಣ್ಣ ಪೂರ್ವದ ಗೋಡೆಗೆ ಒರಗಿದ್ದ, ತಮ್ಮ ಪಶ್ಚಿಮದ ಗೋಡೆಗೆ. ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಿ, ಕಥೆ ಮಾತ್ರ ಹೇಳಬೇಡಿ ಎಂದೆ.

ಬಸವಂತ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡರು. "ಭಾಳ ಹಗರ ಕಾದಂಬರಿ ಬಿಡ್ರಿ. ನೂರಾ ಇಪ್ಪತ್ತ ಪುಟ ಬರೇ ಮದವಿ. ಹೋಳಿಗಿ ಮ್ಯಾಲ ಹೋಳಿಗಿ. ಓದಿ ನನಗ ಹೊಟ್ಟಿ ಭಾರ ಆತು. ಇದಕ್ಕ ಕರಾಳ ಅಂದಾಂವ ಯಾರ್ರಿ?"

"ಹೋಳಿಗಿ?" ಈರಪ್ಪನ ದನಿ ಏರಿತು. "ಮಾಸ್ತರ, ತಮ್ಮನ ಪಾಲಿನ ಮನಿ ತನ್ನ ಹೆಸರಿಗಿ ಬರಿಸಿಕೊಂಡು, ಎಳೀ ಕೂಸಿನ ಜೋಡಿ ಅವನ್ನ ರಾತ್ರೋರಾತ್ರಿ ಹೊರಗ ಹಾಕಿದ ಅಣ್ಣನ ಕಥಿ ಇದು. ಅಂಥಾವ ಅಣ್ಣ ಅಲ್ರಿ, ಅಣ್ಣನ ವೇಷ ಹಾಕಿದಾಂವ." ಮಾತು ಮಾಸ್ತರರಿಗೆ, ಕಣ್ಣು ಶಿವಪ್ಪನ ಮೇಲೆ.

ಶಿವಪ್ಪ ನೆಟ್ಟಗೆ ಕುಳಿತ. "ಯಾರೂ ಪೂರಾ ಓದಿಲ್ಲ ಕಾಣತೈತಿ. ಆ ಅಣ್ಣ ದೇವರಂಥಾ ಮನಷ್ಯಾ. ತಮ್ಮ ಕೊಟ್ಟ ಹಾಲ ಕುಡದು ನಸಿಕಿನ್ಯಾಗ ಹೆಣಾ ಆಗ್ಯಾನ. ಹಾಲಿನ್ಯಾಗ ಪುಡಿ ಕಲಸೂದನ್ನ ಮನೀ ಕೆಲಸದಾಕಿ ಕಣ್ಣಾರೆ ನೋಡ್ಯಾಳ."

ಪುಡಿ ಎಂಬ ಶಬ್ದ ಕಿವಿಗೆ ಬಿದ್ದಾಗ ನನ್ನ ಮೂವತ್ತೆರಡು ವರ್ಷದ ಸೇವೆ ಕಣ್ಣ ಮುಂದೆ ಹಾದು ಹೋಯಿತು. "ಎಂಥಾ ಪುಡಿ ಅಂತ ಬರದಾರ?" ಎಂದೆ. 

"ಮೊನ್ನಿ ಶುಕ್ರವಾರ ನಮ್ಮ ಮನ್ಯಾಗ ಕಲಸಿದ್ರಲ್ಲ, ಅಂಥಾದ್ದ."

"ಅದು ಅಕ್ಕಾರು ಕೊಟ್ಟ ಅಜವಾನೋ ಯಣ್ಣಾ," ಎಂದ ಈರಪ್ಪ.

ಶಿವಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದ. "ಅಂದ್ರ ನೀವೂ ಅದರಾಗ ಅದೀರೇನ್ರಿ ಅಕ್ಕಾರ?" ನಂತರ ತಮ್ಮನ ಕಡೆಗೆ, "ಮತ್ತ ಉತಾರ? ಅದನ್ನ ಯಾಕ ಕೇಳಿದಿ?"

"ಅದನ್ನೂ ಅಕ್ಕಾರ ಹೇಳಿದ್ರು."

ಯಜಮಾನರು ಬಸಿಯಲ್ಲಿದ್ದ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಇಂಥ ಸಂದರ್ಭ ನಮ್ಮ ದಾಂಪತ್ಯದಲ್ಲಿ ಇದು ಎರಡನೆಯದು.

ಮಾಸ್ತರರು ಮಾತ್ರ ತಣ್ಣಗಿದ್ದರು. "ಅದೆಲ್ಲಾ ಇರ್ಲಿ. ಕಡೀಕ ಏನಾತು? ಐದನೇ ಭಾಗ ಅಕ್ಕಾರ ಕಡೆ ಐತಿ. ಹೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಸಂಜೆ ಆರರಿಂದ ಆರೂವರೆ ನನ್ನ ಓದಿನ ಸಮಯ. ಈ ಹದಿನೈದು ದಿನ ಆ ಅರ್ಧ ತಾಸಿನಲ್ಲಿ ನಾನು ವಹಿಗೆ ಗೆರೆ ಹಾಕಿದ್ದೆ. ಯಾವ ಭಾಗ, ಯಾರ ಕೈ, ಕೊಟ್ಟ ದಿನ, ಮಡಿಚಿದ ಪುಟಗಳು, ಸಹಿ. ಒಟ್ಟು ಐದು ಕಾಲಂ.

"ಓದಿಲ್ಲ," ಎಂದೆ.

"ಒಂದ ಪುಟಾನೂ?"

"ಹೊದಿಕಿ ಹಾಕೇನಿ."

ಕಾಶವ್ವ ಎದ್ದು ನಿಂತಳು. "ನಿಮ್ಮ ರೂಲ ನಿಮ್ಮ ಹಂತ್ಯಾಕ ಇರ್ಲಿ ಅಕ್ಕಾರ. ನಾ ಹೇಳತೇನಿ. ಮೂರನೇ ಭಾಗದಾಗ ಎಲ್ಲಾ ಐತಿ. ಆ ತಮ್ಮ ಜಗಳದಾಗ ಒಬ್ಬನ್ನ ಹೊಡದು ಕೇಸಿನ್ಯಾಗ ಬಿದ್ದಿದ್ದ. ಮನಿ ಜಪ್ತಿ ಆಗಬಾರದಂತ ಅಣ್ಣ ತನ್ನ ಹೆಸರಿಗಿ ಮಾಡಿಸ್ಯಾನ. ರಾತ್ರಿ ಹೊರಗ ಹಾಕಿದ್ದು ಯಾಕಂದ್ರ, ಪೋಲೀಸರು ಬರೂದ್ರಾಗ ಪಾರಾಗ್ಲಿ ಅಂತ. ಬಾಗಿಲಾ ಹಾಕಿ ಅದರ ಹಿಂದ ಕುಂತು ಅತ್ತಾನ ಅಂವಾ. ಇಷ್ಟ ಹೊಟ್ಟ್ಯಾಗ ಇಟಕೊಂಡು ನಾ ಹದಿನೈದ ದಿನಾ ರೊಟ್ಟಿ ಬಡದೇನಿ."

ಶಿವಪ್ಪ ಬೆರಗಾದ. "ಮನ್ಯಾಗ ನನಗರ ಹೇಳಬಾರದೇನ?"

"ನೀವ ಬೆಕ್ಕಿನ ಮುಂದ ಕುಂತಿದ್ರಿ."

ಇನ್ನು ಉಳಿದದ್ದು ಹಾಲು. ಐದನೆಯ ಭಾಗವನ್ನು ತೆಗೆದು ಹಾಳೆ ಹಾಳೆ ಮಗುಚಿದೆ. ಹಾಜರಿಯಲ್ಲಿ ಹೆಸರು ಹುಡುಕಿದಷ್ಟು ಸುಲಭವಲ್ಲ ಅದು. ಮೂವತ್ತನೆಯ ಪುಟದ ಸುಮಾರಿಗೆ ಸಿಕ್ಕಿತು. ಗಟ್ಟಿಯಾಗಿ ಓದಿದೆ. ಅಣ್ಣನಿಗೆ ಎದೆಯ ರೋಗ ಹಳೆಯದು. ಆ ಪುಡಿಯನ್ನು ತಮ್ಮ ಎರಡು ದಿನ ನಡೆದು ಹೋಗಿ ಒಬ್ಬ ವೈದ್ಯನಿಂದ ತಂದಿದ್ದ. ಆ ರಾತ್ರಿ ಇಬ್ಬರೂ ಚಿಕ್ಕಂದಿನ ಮಾತಾಡುತ್ತ ಕುಳಿತು, ಹಾಲು ಕುಡಿದು, ಅಣ್ಣ ತಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಏಳಲಿಲ್ಲ. ತನ್ನ ಮೇಲೆ ಬಂದ ಅನುಮಾನವನ್ನು ತಮ್ಮ ಸಾಯುವವರೆಗೆ ಅಲ್ಲಗಳೆಯಲಿಲ್ಲ. ಅಣ್ಣನೇ ಇಲ್ಲದ ಮೇಲೆ ಯಾರಿಗೆ ಹೇಳುವುದು ಎಂದುಕೊಂಡ.

ಓದಿ ಮುಗಿಸಿದೆ. ಶಿವಪ್ಪ ಧೋತರದ ಚುಂಗಿನಿಂದ ಬಹಳ ಹೊತ್ತು ಕನ್ನಡಕ ಒರೆಸಿದ. ಈರಪ್ಪ ನೆಲ ನೋಡುತ್ತಿದ್ದ. ನೆಲ ನೋಡುತ್ತಲೇ ಬಾಯಿ ತೆಗೆದ.

"ಯಣ್ಣಾ, ಒಂದ ಹಾಸಿನ ನೂಲಾ ಕತ್ತರಿಸಿ ಐದ ಮಗ್ಗಕ್ಕ ಹಾಕಿದ್ರ ಸೀರಿ ಆಗತೈತೇನು?"

"ಎಲ್ಲೀ ಸೀರಿ. ಕರವಸ್ತ್ರ ಆಗತಾವ."

"ಕಣ್ಣೀರ ಒರಸ್ಕೊಳ್ಳಾಕ ಬರತಾವ, ಅಲ್ಲ?"

"ಹೂಂ. ಅಕ್ಕಾರಿಗಿ ಒಂದ ಡಜನ್ ಕಳಸೂಣು."

ಶುಕ್ರವಾರದ ನಂತರ ಅಣ್ಣ ತಮ್ಮ ಜಗಳವಿಲ್ಲದೆ ಆಡಿದ ಮೊದಲ ಮಾತು ಇದು. ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದ ನನ್ನ ವಿರುದ್ಧ ಇಬ್ಬರೂ ಒಂದಾದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಅಷ್ಟು ಹಿತವಾದ ಬೈಗುಳ ನನ್ನ ಜೀವನದಲ್ಲಿ ತಿಂದಿಲ್ಲ.

"ಇಟ್ಟಂಗಿ ಬಂದ ಬಿದ್ದಾವಲ್ಲ," ಎಂದ ಶಿವಪ್ಪ.

"ಬಚ್ಚಲಾ ಕಟ್ಟಸ್ರಿ," ಎಂದಳು ಕಾಶವ್ವ. "ಎಷ್ಟ ವರ್ಷದಿಂದ ಕೇಳಾಕತ್ತೇನಿ. ಕಾದಂಬರಿ ಓದಿ ಗ್ವಾಡಿ ಕಟ್ಟಾಕ ಬರತೈತಿ, ನಾ ಹೇಳಿದ್ರ ಬಚ್ಚಲಾ ಕಟ್ಟಾಕ ಬರಾಂಗಿಲ್ಲ."

ಈರಪ್ಪ ಅಲ್ಲಿಯೇ ಗೌಂಡಿಗೆ ಫೋನು ಹಚ್ಚಿದ. ಗೌಂಡಿಗೂ ಕಾರಣ ತಿಳಿಯಲಿಲ್ಲ, ಕೆಲಸ ಮಾತ್ರ ತಿಳಿಯಿತು.

ನಂತರ ನನ್ನ ಮುಂದೆಯೇ ನನ್ನ ಮೇಲೆ ಎರಡು ಠರಾವುಗಳು ಸರ್ವಾನುಮತದಿಂದ ಪಾಸಾದವು. ಒಂದು, ಐದೂ ಭಾಗಗಳನ್ನು ನಾನು ಈಗಲೇ ಒಟ್ಟಿಗೆ ಹೊಲಿಯಬೇಕು. ಎರಡು, ಒಂದನೆಯ ಪುಟದಿಂದ ಎಲ್ಲರಿಗೂ ಕೇಳುವಂತೆ ಓದಬೇಕು. ಸದಸ್ಯರಲ್ಲದ ಯಜಮಾನರು ಎರಡಕ್ಕೂ ಕೈ ಎತ್ತಿದರು.

ಈರಪ್ಪ ಮನೆಯಿಂದ ನೂಲು, ದಬ್ಬಣ ತಂದ. ಗೋಣಿಚೀಲ ಹೊಲಿಯುವ ದಬ್ಬಣ. ಬೆರಳಿಗೆ ಮೂರು ಸಲ ಚುಚ್ಚಿಕೊಂಡು ಹೊಲಿದೆ.

"ಟಾಕಿ ಹಾಕೂದು ಇನ್ನಾ ಮರತಿಲ್ಲ," ಎಂದರು ಯಜಮಾನರು. "ಪೇಶಂಟ ಬದುಕತೈತೇನು?"

ಆರೂವರೆಗೆ ಓದಲು ಕುಳಿತೆ. ಮಾಸ್ತರರು, "ಈ ಮದವಿ ನಾ ಉಂಡ ಬಂದೇನಿ," ಎಂದು ಮಹಾಲಿಂಗಪುರದ ಬಸ್ಸಿಗೆ ಹೊರಟರು, ಅವರನ್ನು ಬಸ್ಸು ಹತ್ತಿಸಲು ಯಜಮಾನರೂ ಹೋದರು. ಉಳಿದವರು ಜಮಖಾನೆಯ ಮೇಲೆ ಒರಗಿದರು. ನಾನು ಸ್ಪಷ್ಟವಾಗಿ, ಸಮನಾದ ದನಿಯಲ್ಲಿ, ವಾರ್ಡಿನಲ್ಲಿ ಸೂಚನೆ ಓದುವ ಹಾಗೆ ಓದಿದೆ. ಮೂರನೆಯ ಪುಟಕ್ಕೆ ಈರಪ್ಪ ಗೊರಕೆ ಹೊಡೆದ. ಐದನೆಯ ಪುಟಕ್ಕೆ ಶಿವಪ್ಪ ಅವನ ಪಕ್ಕಕ್ಕೆ ಉರುಳಿದ. ಹದಿನೈದು ದಿನ ಇವರಿಬ್ಬರ ನಿದ್ದೆ ಕೆಡಿಸಿದ ಕಾದಂಬರಿ ಇದೇ.

ನಾನು ಪುಸ್ತಕ ಮುಚ್ಚಲು ಹೋದೆ. ಕಾಶವ್ವ ಇಬ್ಬರಿಗೂ ಸೇರಿಸಿ ಒಂದೇ ಕೌದಿ ಹೊದಿಸುತ್ತಿದ್ದಳು.

"ನಿಲ್ಲಸಬ್ಯಾಡ್ರಿ ಅಕ್ಕಾರ," ಎಂದಳು ಮೆಲ್ಲಗೆ. "ನಿಲ್ಲಿಸಿದ್ರ ಎದ್ದಗಿದ್ದಾರು."

ನಿಲ್ಲಿಸಲಿಲ್ಲ. ಕಾಶವ್ವ ಒಬ್ಬಳೇ ಕೇಳುತ್ತಿದ್ದ ಮದುವೆಯನ್ನು ಹದಿನಾರನೆಯ ಪುಟದವರೆಗೆ ನಾನೊಬ್ಬಳೇ ನಡೆಸಿಕೊಟ್ಟು, ಏಳು ಗಂಟೆ ಹತ್ತು ನಿಮಿಷಕ್ಕೆ ವಹಿಯಲ್ಲಿ ಬರೆದೆ: ಓದಿದವರು, ಕಾರ್ಯದರ್ಶಿ. ಕೇಳಿದವರು, ಕಾಶವ್ವ. ಮಲಗಿದವರು, ಇಬ್ಬರು, ಔಷಧವಿಲ್ಲದೆ. ಸಹಿ ಮಾಡಿ ವಹಿ ಮುಚ್ಚಿದೆ.