ಹುಣ್ಣಿಮೆಗೆ ನೋಡಬೇಡಿ ಎಂದ ಮೂರು ಪುಸ್ತಕಗಳು

ಮರಾಠಿ ಊರಾದ ನಿಗಡಿಯ ನಮ್ಮ ವಸತಿ ಸೊಸಾಯಟಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ: ಒಂದನೇ ಮಾಳಿಗೆಯವರ, ಅಂದರೆ ನಮ್ಮ, ದುರ್ಬೀನು ಡಬ್ಬಾ, ಕೋಜಾಗಿರಿ ಹುಣ್ಣಿಮೆಯ ದಿನ ಅದರಲ್ಲಿ ಏನೂ ಕಾಣಲಿಲ್ಲ. ಕಥೆ ಚೆನ್ನಾಗಿದೆ, ಸುಳ್ಳು ಅಷ್ಟೇ. ದುರ್ಬೀನು ನಿರಪರಾಧಿ. ಅಪರಾಧಿ ಯಾರೆಂದು ಮೊನ್ನೆಯವರೆಗೆ ನನಗೆ ಖಚಿತವಾಗಿ ಗೊತ್ತಿತ್ತು: ನಾನೇ. ಈಗ ಅದರಲ್ಲೂ ಅನುಮಾನ ಬಂದಿದೆ.

ಅನುಮಾನ ನನ್ನ ಹುಟ್ಟುಗುಣವಲ್ಲ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡದ್ದು. ಬಿಸ್ಕಿಟ್ ಪೊಟ್ಟಣದ ಮೇಲಿನ 'ಹೊಸ ರುಚಿ' ಓದಿದರೂ 'ಹಾಗಾದರೆ ಹಳೆಯ ರುಚಿಗೆ ಏನಾಗಿತ್ತು?' ಎಂದು ಕೇಳುವವಳು ನಾನು. "ಇಕಿನ್ನ ನೋಡ್ಲಿಕ್ಕೆ ಬರೋ ಹುಡುಗ ಜೋಡಿಗೆ ಒಬ್ಬ ವಕೀಲನ್ನ ಕರ್ಕೊಂಡು ಬರಬೇಕು" ಎನ್ನುತ್ತಾಳೆ ಅವ್ವ. ಅಪ್ಪನದು ತದ್ವಿರುದ್ಧ ಜಾತಕ. ಅಚ್ಚಾದದ್ದೆಲ್ಲ ಅವರಿಗೆ ಸತ್ಯ. ದುರ್ಬೀನು ಕೊಳ್ಳುವ ಮೊದಲೇ ಹೊಸಬರಿಗೆಂದು ಬರೆದ ಮೂರು ಪುಸ್ತಕ ತಂದು, ದಿನಾ ಹಡಪಸರದ ಕಾರ್ಖಾನೆಗೆ ಹೋಗಿಬರುವ ಬಸ್ಸಿನಲ್ಲಿ ಪೆನ್ಸಿಲ್ ಹಿಡಿದು ಓದಿದರು.

ನಾನೂ ಓದಿದೆ, ಎದುರಾಳಿಯ ಭಾಷಣ ಓದುವ ಹಾಗೆ. ಒಂದು ಪುಸ್ತಕ, ಈಗಲೇ ದುರ್ಬೀನು ಬೇಡ, ಮೊದಲು ಎರಡು ಕಣ್ಣಿನ ಬೈನಾಕ್ಯುಲರ್ ಕೊಳ್ಳಿ ಎಂದಿತು. ದುರ್ಬೀನು ಕೊಳ್ಳಬೇಡಿ ಎನ್ನಲು ದುರ್ಬೀನಿನ ಪುಸ್ತಕವೇ ಬೇಕಿತ್ತೆ? ಎರಡನೆಯದು ಕನ್ನಡಿಯ ದುರ್ಬೀನೇ ಶ್ರೇಷ್ಠ ಎಂದರೆ ಮೂರನೆಯದು ಮಸೂರದ ಪರ. ಸಾಕ್ಷಿಗಳು ಒಬ್ಬರಿಗೊಬ್ಬರು ಹೊಂದುವುದಿಲ್ಲ, ಆದ್ದರಿಂದ ನಂಬಲರ್ಹರಲ್ಲ ಎಂದು ತೀರ್ಪು ಕೊಟ್ಟೆ. ಒಂದು ವಿಷಯದಲ್ಲಿ ಮಾತ್ರ ಮೂರಕ್ಕೂ ಒಮ್ಮತ: ಚಂದ್ರನನ್ನು ಹುಣ್ಣಿಮೆಯ ದಿನ ನೋಡಬೇಡಿ, ಅರ್ಧಚಂದ್ರನಿದ್ದಾಗ ನೋಡಿ. ಮೂವರು ಸಾಕ್ಷಿಗಳು ಒಂದೇ ಮಾತು ಒಪ್ಪಿಸಿದರೆ ಏನರ್ಥ? ಯಾರೋ ಹೇಳಿಕೊಟ್ಟಿದ್ದಾರೆ! ಅದನ್ನೂ ತಳ್ಳಿಹಾಕಿದೆ.

ನಮ್ಮ ಮನೆಯ ಕಿಟಕಿಯಿಂದ ಎದುರು ಬಿಲ್ಡಿಂಗಿನಲ್ಲಿ ಒಣಹಾಕಿದ ಸೀರೆಗಳ ಹೊರತು ಬೇರೆ ಆಕಾಶಕಾಯ ಕಾಣುವುದಿಲ್ಲ. ಮೇಲಿನ ತಾರಸಿಗೆ, ಅಂದರೆ ಗಚ್ಚಿಗೆ, ಸದಾ ಬೀಗ. ಅಪ್ಪ ಸೊಸಾಯಟಿಯ ಸೆಕ್ರೆಟರಿ ಕಾಕಾ ಅವರ ಬೆನ್ನು ಹತ್ತಿ ಹತ್ತಿ ಕೊನೆಗೆ ಒಂದು ಕರಾರಾಯಿತು: ಒಮ್ಮೆ ಎಲ್ಲರಿಗೂ ಚಂದ್ರನನ್ನು ತೋರಿಸಿ, ಜನಕ್ಕೆ ಹಿಡಿಸಿದರೆ ಪ್ರತಿ ಶನಿವಾರ ಗಚ್ಚಿಯ ಕೀಲಿಕೈ ನಿಮ್ಮದು. ಯಾವತ್ತು ತೋರಿಸುವುದು? ಅರ್ಧಚಂದ್ರನಿರುವ ನವರಾತ್ರಿಯ ಅಷ್ಟಮಿಗೋ, ಎಲ್ಲರೂ ಹೇಗೂ ಗಚ್ಚಿಯಲ್ಲಿ ಸೇರಿ ಮಸಾಲೆ ಹಾಲು ಕುಡಿಯುವ ಕೋಜಾಗಿರಿ ಹುಣ್ಣಿಮೆಗೋ? ಅದಕ್ಕೊಂದು ಸಭೆ.

ಸಭೆ ಕಂಡರೆ ನಾನು ಸುಮ್ಮನಿರುತ್ತೇನೆಯೇ? ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎದ್ದು ನಿಂತಿದ್ದೆ. ಅರ್ಧ ಚಂದ್ರನಲ್ಲಿ ಹೆಚ್ಚು ಕಾಣುತ್ತದೆ ಎನ್ನುವುದು ಅರ್ಧ ತಟ್ಟೆ ಊಟದಲ್ಲಿ ಹೊಟ್ಟೆ ಹೆಚ್ಚು ತುಂಬುತ್ತದೆ ಎಂದ ಹಾಗೆ, ಎಂದು ಮರಾಠಿಯಲ್ಲಿ ಗುಡುಗಿದೆ. ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟಿದರು. ಕೋಜಾಗಿರಿ ಗೆದ್ದಿತು.

ಕೋಜಾಗಿರಿಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡದ ಮೇಲೆ ತಪ್ಪು ಹೊರಿಸಲೂ ದಾರಿಯಿಲ್ಲ. ಕೈಯಲ್ಲಿ ಹಾಲಿನ ಲೋಟ ಹಿಡಿದ ಸಾಲು. ಮೊದಲು ಬಗ್ಗಿದ ಎದುರುಮನೆ ಕಾಕು, "ಅಗ, ಹೇ ತರ್ ನುಸತಂ ಪಾಂಢರಂ ದಿಸತಂಯ!" ಎಂದರು. ಬರೀ ಬಿಳಿ. ಗುಂಡಿಯಿಲ್ಲ, ಗುಡ್ಡವಿಲ್ಲ, ಕಣ್ಣು ಕುಕ್ಕುವ ಚಪ್ಪಟೆ ತಟ್ಟೆ. ಸೂರ್ಯನ ಬೆಳಕು ನೇರವಾಗಿ ಬಿದ್ದಾಗ ಅಲ್ಲಿ ನೆರಳೇ ಇರುವುದಿಲ್ಲ, ನೆರಳಿಲ್ಲದೆ ಗುಡ್ಡ ಕಾಣುವುದಿಲ್ಲ. ಇದನ್ನೇ ಆ ಮೂರೂ ಪುಸ್ತಕಗಳು ಹೇಳಿದ್ದವು. ಸೆಕ್ರೆಟರಿ ಕಾಕಾ ನೋಡಿದರು, ಕಣ್ಣುಜ್ಜಿಕೊಂಡರು, 'ನನ್ನ ಹಾಲಿನ ಲೋಟದಲ್ಲೂ ಇದೇ ಕಾಣುತ್ತದೆ, ಮೇಲಾಗಿ ಬಾದಾಮಿಯೂ ಇದೆ' ಎಂದರು. ಎಲ್ಲರೂ ನಕ್ಕರು. ಕೀಲಿಕೈ ಅವರ ಜೇಬಿನಿಂದ ಹೊರಬರಲೇ ಇಲ್ಲ. ಅಪ್ಪ ದುರ್ಬೀನಿನ ಮುಕ್ಕಾಲಿಯನ್ನು ಮಡಚಿಕೊಂಡು ಇಳಿದರು. "ಇರಲಿ ಬಿಡ ತಂಗಿ, ಹಾಲು ಭಾಳ ಛಲೋ ಆಗಿತ್ತು" ಎಂದರು ನನಗೆ.

ಮೊನ್ನೆ ಆ ಲೇಖಕರ ಮೇಲೆ ಇನ್ನೊಂದಾದರೂ ಆರೋಪ ಸಿಕ್ಕೀತೆಂದು ಒಂದು ಪುಸ್ತಕ ತೆಗೆದೆ. ಹುಣ್ಣಿಮೆಯ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ, ಎರಡೆರಡು. ಪುಟದ ಗುರುತಿಗೆ ಇಟ್ಟದ್ದು ಕೋಜಾಗಿರಿ ಗೆದ್ದ ಅದೇ ಸಭೆಯ ನೋಟೀಸು. ತಿರುಗಿಸಿ ನೋಡಿದೆ, ಬೆನ್ನು ಖಾಲಿ. ನಮ್ಮ ಮನೆಯಲ್ಲಿ ಸಭೆ ಮುಗಿದ ನೋಟೀಸಿನ ಬೆನ್ನ ಮೇಲೆ ಅವ್ವ ಅದೇ ದಿನ ಕಿರಾಣಿ ಪಟ್ಟಿ ಬರೆದಿರುತ್ತಾಳೆ. ಅಂದರೆ ಈ ಕಾಗದ ಸಭೆಗೆ ಮೊದಲೇ ಪುಸ್ತಕ ಸೇರಿದೆ, ಅಪ್ಪ ಆ ಸಾಲು ಗುರುತಿಟ್ಟುಕೊಂಡೇ ಸಭೆಗೆ ಬಂದಿದ್ದಾರೆ.

ಅಪ್ಪ ಕಿಟಕಿಯ ಹತ್ತಿರ ಕೂತು, ಸೀರೆಗಳ ಕಡೆ ಬೆನ್ನು ಮಾಡಿ, ದುರ್ಬೀನಿನ ಗಾಜು ಒರೆಸುತ್ತಿದ್ದರು. ಪುಸ್ತಕವನ್ನು ಅವರ ಮುಂದೆ ಹಿಡಿದೆ.

"ಅಪ್ಪಾ, ನಿಮಗ ಮೊದಲ ಗೊತ್ತಿತ್ತು. ಕೀಲಿಕೈ ಬೇಕಾಗಿದ್ದೂ ನಿಮಗ. ಆದ್ರೂ ಸಭಾದಾಗ ಸುಮ್ಮ ಕೂತು ಚಪ್ಪಾಳೆ ಹೊಡೆದ್ರಿ. ಖರೇ ಹೇಳ್ರಿ, ಮಗಳು ಗೆಲ್ಲಲಿ ಅಂತ ಸುಮ್ಮನಿದ್ರೋ, ಇಕಿ ಜೋಡಿ ಯಾರು ವಾದ ಮಾಡ್ಬೇಕು ಅಂತ ಸುಮ್ಮನಿದ್ರೋ?"